ಮಾವ ಸಮುದ್ರ ನೋಡಲು ಹೊರಟದ್ದು

ನಮ್ಮ ಮಾವನ ಚೀಲದಲ್ಲಿ ಒಂಬತ್ತು ಗಜದ ಸೀರೆ ಸಿಕ್ಕಿತು.

ಹಸಿರು ಮೈ, ಕೆಂಪು ಅಂಚು. ಅಂಗಡಿಯ ಮಡಿಕೆ ಕೂಡ ಬಿಚ್ಚಿರಲಿಲ್ಲ. ಕಾರು ಊಟಕ್ಕೆಂದು ಮಹಾಡ್‌ನಲ್ಲಿ ನಿಂತಿತ್ತು. ಅತ್ತೆ ಕೈ ಒರೆಸಲು ಟವೆಲ್ ಹುಡುಕುತ್ತಾ ಮಾವನ ಚೀಲಕ್ಕೆ ಕೈ ಹಾಕಿದರು. ಟವೆಲ್ ಬರಲಿಲ್ಲ, ಸೀರೆ ಬಂತು.

"ಇದು ಯಾರಿಗೆ ಮಾರಾಯ್ತಿ?" ಅತ್ತೆ ನನ್ನ ಮುಖ ನೋಡಿದರು.

ನಾನೇನು ಹೇಳಲಿ? ನಮ್ಮ ಮನೆಯಲ್ಲಿ ಒಂಬತ್ತು ಗಜ ಉಡುವವರು ಯಾರೂ ಇಲ್ಲ. ಅತ್ತೆಯದು ಆರು ಗಜ, ನನ್ನದೂ ಅಷ್ಟೇ. (ಬೆಳಗಿನ ಡೊಂಬಿವಲಿ ಲೋಕಲ್ ರೈಲು ಹತ್ತುವವರಿಗೆ ಅದೇ ಜಾಸ್ತಿ.) ನಾವು ಮುಂಬೈ ಬದಿಯ ಡೊಂಬಿವಲಿಯಿಂದ ಹೊರಟಿದ್ದದ್ದು ಕುಂದಾಪುರಕ್ಕೆ, ಅತ್ತೆಯ ತಮ್ಮನ ಮಗಳ ಮದುವೆಗೆ. ಅಲ್ಲಿಯೂ ಮರಾಠಿ ಸೀರೆ ಉಡುವ ನೆಂಟರಿಲ್ಲ.

"ಹಸಿರು ನೋಡು," ಅಂದರು ಅತ್ತೆ. "ಇಲ್ಲಿಯವರು ಮುತ್ತೈದೆಯರಿಗೆ ಕೊಡುವ ಬಣ್ಣ. ಬ್ಲೌಸ್ ಪೀಸ್ ಕೂಡಾ ಉಂಟು."

ಸೀರೆಯನ್ನು ಇದ್ದ ಹಾಗೆಯೇ ಒಳಗಿಟ್ಟೆವು. ಮಾವ ಕೈ ತೊಳೆದುಕೊಂಡು ಬಂದರು. ಊಟ ಸಪ್ಪೆ ಎಂದರು. ಅತ್ತೆ ಏನೂ ಹೇಳಲಿಲ್ಲ. ಅತ್ತೆ ಏನೂ ಹೇಳದಿದ್ದರೆ ಏನರ್ಥ ಎಂದು ಅವರ ಸೊಸೆಗಿಂತ ಚೆನ್ನಾಗಿ ಬಲ್ಲವರು ಯಾರು?

ಮಾವನ ಬಗ್ಗೆ ನಿಮಗೆ ಒಂದೆರಡು ಮಾತು ಹೇಳಬೇಕು. ಅರವತ್ತಕ್ಕೆ ಹತ್ತಿರದ ಮನುಷ್ಯ. ಕಲ್ಯಾಣ್ ಸ್ಟೇಷನ್ನಿನ ಪಕ್ಕದ ಒಂದು ಹೋಟೆಲಿನಲ್ಲಿ ಜೀವಮಾನವಿಡೀ ಅಡುಗೆ ಮಾಡಿ, ಹೋದ ವರ್ಷ ಒಲೆ ಬಿಟ್ಟವರು. ಮಾತು ಕಡಿಮೆ, ಮಡಿ ಜಾಸ್ತಿ. ನಮ್ಮ ಸೊಸೈಟಿಯ ಮೆಟ್ಟಿಲಲ್ಲಿ ಯಾರಾದರೂ ಮೀನಿನ ಚೀಲ ಹಿಡಿದು ಬಂದರೆ ಗೋಡೆಗೆ ಅಂಟಿ ನಿಲ್ಲುವ ಜನ. ಇಂಥದ್ದು ಬೇಕು ಎಂದು ಬಾಯಿಬಿಟ್ಟು ಕೇಳಿದ್ದನ್ನು ನಾನು ಮದುವೆಯಾಗಿ ಬಂದ ಮೇಲೆ ಕೇಳಿಲ್ಲ.

ಅಂಥವರು ಈ ಸಲ ಕೇಳಿದರು. ಊರಿಗೆ ಹೋಗುವಾಗ ನಾವು ಯಾವಾಗಲೂ ಪುಣೆ, ಕೊಲ್ಹಾಪುರ, ಹುಬ್ಬಳ್ಳಿ ಎಂದು ಬಸ್ಸಿನಲ್ಲಿ ಹೋಗುವುದು. ನನ್ನ ಗಂಡ ಶ್ರೀಪತಿ, ಈ ಸಲ ಆಫೀಸಿನ ಎಲ್‌ಟಿಸಿ ಇದೆ, ಟೂರಿಸ್ಟ್ ಕಾರೇ ಮಾಡೋಣ ಎಂದರು. ಆಗ ಮಾವ ಪೇಪರ್ ಕೆಳಗಿಟ್ಟು, "ಹಾಗಾದ್ರೆ ಸಮುದ್ರದ ಬದಿಯ ರಸ್ತೆಯಲ್ಲಿ ಹೋಗುವ. ಸಮುದ್ರ ನೋಡ್ಬೇಕು ನಂಗೆ" ಎಂದರು.

ಸಮುದ್ರ! ಮಲ್ಪೆಯ ಅಲೆಯ ಸದ್ದಿನಲ್ಲಿ ಹುಟ್ಟಿದವರು. ಮುಂಬೈಗೆ ಬಂದ ಮೇಲೆ ಒಂದು ಸಲವೂ ಚೌಪಾಟಿ ನೋಡಲು ಹೋದವರಲ್ಲ. ಅವರಿಗೆ ಈಗ ಇದ್ದಕ್ಕಿದ್ದಂತೆ ಸಮುದ್ರವೇಕೆ?

ಶ್ರೀಪತಿಗೆ ಅನುಮಾನ ಬರಲಿಲ್ಲ. ಗಂಡು ಮಕ್ಕಳಿಗೆ ಅಪ್ಪಂದಿರ ಮೇಲೆ ಅನುಮಾನ ಬರುವುದೇ ಇಲ್ಲ, ಗಮನಿಸಿದ್ದೀರಾ?

ಸರಿ, ಹೊರಟೆವು. ಕೋಪರಿಯ ಶರಣಪ್ಪನ ಅಂಬಾಸಿಡರ್. ಕಲಬುರಗಿ ಕಡೆಯವನು, ಹದಿನೈದು ವರ್ಷದಿಂದ ಠಾಣೆ ಶಹರದಲ್ಲಿ ಗಾಡಿ ಓಡಿಸುತ್ತಾನೆ. ಶೀಳಫಾಟಾ ದಾಟಿ, ಪನ್ವೇಲ್‌ನಲ್ಲಿ ಬಟಾಟೆವಡಾ ತಿಂದು, ಪೇಣ್ ಹಾದು ದಕ್ಷಿಣಕ್ಕೆ ತಿರುಗಿದೆವು. ಒಂದು ವಿಷಯ ನಿಮಗೆ ಈಗಲೇ ಹೇಳಿಬಿಡುತ್ತೇನೆ. ಇದಕ್ಕೆ ಕರಾವಳಿ ರಸ್ತೆ ಎಂದು ಹೆಸರಿಟ್ಟವರು ಯಾರೋ ನನಗೆ ಗೊತ್ತಿಲ್ಲ. ಬೆಟ್ಟ ಕಾಣುತ್ತದೆ, ಗದ್ದೆ ಕಾಣುತ್ತದೆ, ಮಾವಿನ ತೋಪು ಕಾಣುತ್ತದೆ. ಸಮುದ್ರ ಮಾತ್ರ ಕಾಣುವುದಿಲ್ಲ! ಅದು ಬೇಕಾದರೆ ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ಹತ್ತಿಪ್ಪತ್ತು ಮೈಲಿ ಇಳಿಯಬೇಕು. ಹಾಗೆ ಇಳಿಯಲು ಕಾರಣ ಬೇಕು.

ಮಹಾಡ್ ಆದ ಮೇಲೆ ಘಾಟಿಯ ತಿರುವುಗಳಲ್ಲಿ ಎಂಜಿನ್ ಕಾದಿತು. ಶರಣಪ್ಪ ನೀರು ಹಾಕಲು ನಿಲ್ಲಿಸಿದ. ನಾನು ಗಾಳಿಗೆ ಇಳಿದೆ.

"ಅಕ್ಕೋರೆ," ಎಂದ ಬಾನೆಟ್ಟಿನ ಹಿಂದಿನಿಂದ. "ಹಿರೇ ಯಜಮಾನ್ರು ಹೋದ ಐತಾರ ಕೋಪರಿಗೇ ಬಂದಿದ್ದರ್ರಿ. ಒಬ್ಬರೇ. ವೆಂಗುರ್ಲಾಕ್ಕ ಗಾಡಿ ಇಳೀತದೇನು, ಹಾದಿ ಹ್ಯಾಂಗದ ಅಂತ ಕೇಳಿದರ್ರಿ. ಮನ್ಯಾಗ ಯಾರಿಗೂ ಹೇಳಬ್ಯಾಡ ಅಂದಾರ್ರಿ. ನಾ ಹೇಳಂಗಿಲ್ಲ ಬಿಡ್ರಿ."

(ಗುಟ್ಟು ಕಾಪಾಡುವವರಲ್ಲಿ ಇದೂ ಒಂದು ಜಾತಿ.)

ಕಳೆದ ಭಾನುವಾರ ಮಾವ ಹೋದದ್ದು ಶಹಾಡ್‌ನಲ್ಲಿ ಕಾಯಿಲೆ ಬಿದ್ದ ಹಳೆಯ ಗೆಳೆಯನನ್ನು ನೋಡಲು ಎಂದು ನಾವು ತಿಳಿದಿದ್ದೆವು. ಈಗ ಲೆಕ್ಕ ಹಾಕಿ. ಒಂದು ಹೊಸ ಸೀರೆ. ಒಂದು ಸುಳ್ಳು. ಒಂದು ಬಂದರಿನ ಹೆಸರು. ನಿಮ್ಮ ತಲೆಗೆ ಏನು ಬಂತೋ ನನಗೂ ಅದೇ ಬಂತು.

ಅತ್ತೆಗೆ ಹೇಳಲೇ ಬೇಡವೇ? ಚಿಪ್ಳೂಣ್ ಬರುವವರೆಗೆ ತಡೆದುಕೊಂಡೆ. ಅಲ್ಲಿ ಚಹಾ ಕುಡಿಯುವಾಗ ಹೇಳಿಬಿಟ್ಟೆ. ಅತ್ತೆ ಲೋಟವನ್ನು ನಿಧಾನಕ್ಕೆ ಕೆಳಗಿಟ್ಟರು.

"ಅವರು ಬೊಂಬಾಯಿಗೆ ಹಡಗಿನಲ್ಲಿ ಬಂದದ್ದು. ಊರು ಬಿಟ್ಟದ್ದಕ್ಕೂ ಹೋಟೆಲಿಗೆ ಸೇರಿದ್ದಕ್ಕೂ ನಡುವೆ ಒಂದೂವರೆ ತಿಂಗಳು ಎಲ್ಲಿದ್ರು ಅಂತ ಯಾರಿಗೂ ಗೊತ್ತಿಲ್ಲ. ನನ್ನ ಅಪ್ಪ ಮದುವೆಗೆ ಮೊದಲು ಕೇಳಿದ್ರು. ಜ್ವರ ಇತ್ತು ಅಂದ್ರಂತೆ."

"ಇದ್ದಿರಬಹುದಲ್ಲ ಅತ್ತೆ?"

"ಜ್ವರ ಬಂದವರಿಗೆ ಸೀರೆ ಕೊಡುವುದುಂಟಾ?"

ರಾತ್ರಿ ರತ್ನಾಗಿರಿಯ ಲಾಡ್ಜಿನಲ್ಲಿ ಉಳಿದು, ಬೆಳಿಗ್ಗೆ ಸಮುದ್ರದ ದಂಡೆಗೆ ಹೋದೆವು. ಇದನ್ನು ನೀವು ತಪ್ಪದೆ ನೋಡಿ. ಕಪ್ಪು ಮರಳು, ಅದರ ಮೇಲೆ ಬಿಳಿಯ ನೊರೆ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಚಿಕ್ಕ ಹುಡುಗಿಯ ಹಾಗೆ ನಡೆದೆ. ಅತ್ತೆ ಮಾವನನ್ನೇ ನೋಡುತ್ತಿದ್ದರು. ಮಾವ ಗಡಿಯಾರ ನೋಡುತ್ತಿದ್ದರು. ಸಮುದ್ರ ನೋಡಲೆಂದೇ ಹೊರಟವರು ಸಮುದ್ರಕ್ಕೆ ಬೆನ್ನು ಹಾಕಿ ಚಹಾ ಕುಡಿಯುತ್ತಾರೆಯೇ?

ಆಮೇಲೆ ರಾಜಾಪುರ, ಕಣಕವಲಿ, ಸಾವಂತವಾಡಿ. ಸಾವಂತವಾಡಿಯ ಕೆರೆಯ ದಡ ಚೆಂದ, ಮರದ ಆಟಿಕೆ ಇನ್ನೂ ಚೆಂದ. ಊರಿನ ಮಕ್ಕಳಿಗೆ ಒಂದಿಷ್ಟು ಕೊಂಡೆವು. ಕಾರು ಹತ್ತುವಾಗ ಮಾವ ಗಂಟಲು ಸರಿಮಾಡಿಕೊಂಡು, "ವೆಂಗುರ್ಲಾದಲ್ಲಿ ಸಮುದ್ರ ಚಂದ ಉಂಟಂತೆ" ಎಂದರು.

"ಹೌದಂತೆ," ಎಂದರು ಅತ್ತೆ. ಅಷ್ಟೇ.

ವೆಂಗುರ್ಲಾ ನಿಜವಾಗಿಯೂ ಚೆಂದ. ಗೇರುಮರದ ಗುಡ್ಡ ಇಳಿದರೆ ಸಣ್ಣ ಬಂದರು, ಬಂಡೆಯ ಮೇಲೆ ದೀಪಸ್ತಂಭ, ಮರಳಿನಲ್ಲಿ ಮಲಗಿದ ದೋಣಿಗಳು. ಒಣಮೀನಿನ ವಾಸನೆ. ಮಾವ ಮೂಗು ಮುಚ್ಚಿಕೊಳ್ಳಲಿಲ್ಲ! ಶ್ರೀಪತಿ ಮತ್ತು ಶರಣಪ್ಪ ಟೈರು ನೋಡುತ್ತಿದ್ದರು. ಮಾವ ಚೀಲ ಎತ್ತಿಕೊಂಡು, "ಹತ್ತು ನಿಮಿಷ, ಬಂದೆ" ಎಂದು ತೆಂಗಿನ ಮರಗಳ ನಡುವೆ ನಡೆದರು.

"ಹೋಗು ನೀನು," ಅತ್ತೆ ನನ್ನ ತೋಳು ಒತ್ತಿದರು. "ನಂಗೆ ನೋಡ್ಲಿಕ್ಕೆ ಧೈರ್ಯ ಇಲ್ಲ."

ಹೋದೆ. ಮಾವನ ಹಿಂದೆ ಪತ್ತೇದಾರಿಣಿಯ ಹಾಗೆ ಹತ್ತು ಹೆಜ್ಜೆ ದೂರದಲ್ಲಿ. ಅವರು ಒಬ್ಬ ಮೀನುಗಾರನನ್ನು ಕೇಳಿದರು, ಅವನು ಒಂದು ಹೆಂಚಿನ ಮನೆ ತೋರಿಸಿದ. ಅಂಗಳದಲ್ಲಿ ಒಬ್ಬ ಹೆಂಗಸು ಬಲೆಯ ಮುಂದೆ ಕೂತಿದ್ದಳು. ನರೆತ ಕೂದಲು. ಮಾವನದೇ ವಯಸ್ಸು, ಒಂದೆರಡು ವರ್ಷ ಚಿಕ್ಕವಳಿರಬಹುದು. ನಾನು ಮೊದಲು ನೋಡಿದ್ದು ಅವಳ ಕುತ್ತಿಗೆಯನ್ನು. ಮಂಗಳಸೂತ್ರ ಇರಲಿಲ್ಲ. (ಇದ್ದದ್ದು ಹೋಯಿತೋ, ಬರಲೇ ಇಲ್ಲವೋ? ಇಂಥದ್ದನ್ನು ಕೇಳುವುದು ಹೇಗೆ?)

ಅವಳು ತಲೆ ಎತ್ತಿದಳು. ಒಂದು ಗಳಿಗೆ ನೋಡಿದಳು.

"ಇಲಂಸ, ಅನಂತಾ?"

ಆ ಕಡೆಯ ಮರಾಠಿ. "ಬಂದೆಯಾ, ಅನಂತಾ?" ಎಂದು. ನಮ್ಮ ಮನೆಯಲ್ಲಿ ಮಾವನನ್ನು ಹೆಸರು ಹಿಡಿದು ಕರೆದವರನ್ನು ನಾನು ಆವರೆಗೆ ಕಂಡಿರಲಿಲ್ಲ.

ಮಾವ ತೊದಲುತ್ತಾ ಕೇಳಿದರು, "ಆಯಿ?" ಅಮ್ಮ ಎಲ್ಲಿ ಎಂದು.

ಅವಳು ಒಳಗೆ ಕೈ ತೋರಿಸಿದಳು. ಗೋಡೆಯ ಮೇಲೆ ಒಬ್ಬ ಮುದುಕಿಯ ಫೋಟೋ, ಒಣಗಿದ ಹೂಮಾಲೆ. ಹೋಗಿ ಎರಡು ವರ್ಷವಾಯಿತಂತೆ. ಮಾವ ಚೀಲದಿಂದ ಹಸಿರು ಸೀರೆ ತೆಗೆದು ಫೋಟೋದ ಕೆಳಗಿಟ್ಟರು. ಹಾಗೆಯೇ ನೆಲಕ್ಕೆ ಕೂತು, ಮುಖ ಮುಚ್ಚಿಕೊಂಡು ಅತ್ತರು. ನಾನು ಬಾಗಿಲಲ್ಲಿ ನಿಂತಿದ್ದೆ. ಪತ್ತೇದಾರಿಣಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಸುಲೋಚನಾ ಎಂಬ ಆ ಹೆಂಗಸೇ ನನಗೆ ಎಲ್ಲ ಹೇಳಿದಳು. ಇಪ್ಪತ್ತು ತುಂಬದ ಹುಡುಗ, ಹಡಗಿನಲ್ಲಿ ಮೈಮೇಲೆ ಎಚ್ಚರವಿಲ್ಲದಷ್ಟು ಜ್ವರ. ಜೊತೆಯ ಪ್ರಯಾಣಿಕರು ಅಂಟುರೋಗವೆಂದು ಹೆದರಿ, ವೆಂಗುರ್ಲಾ ಬಂದಾಗ ಗಂಟಿನ ಸಮೇತ ದೋಣಿಗೆ ಇಳಿಸಿಬಿಟ್ಟರು. ಮರಳಿನ ಮೇಲೆ ಬಿದ್ದಿದ್ದವನನ್ನು ಇವಳ ಅಮ್ಮ ಮನೆಗೆ ತಂದಳು. ಒಂದೂವರೆ ತಿಂಗಳು ಇಟ್ಟುಕೊಂಡಳು. ಆಮೇಲೆ ಮುಂಬೈಯ ಹಡಗು ಹತ್ತಿಸಿದಳು.

ನಾವು ಹೊರಗೆ ಬಂದಾಗ ಅತ್ತೆ ಕಾರಿನಿಂದ ಇಳಿದು ನಿಂತಿದ್ದರು. ಸುಲೋಚನಾ ಒಂದು ಬುಟ್ಟಿ ತುಂಬ ಗೇರುಹಣ್ಣು ಹಿಡಿದು ನೇರ ಅವರ ಬಳಿಗೆ ಹೋದಳು. ಇಬ್ಬರೂ ತೆಂಗಿನ ಮರದ ಕೆಳಗೆ ನಿಂತರು. ಮೂವತ್ತು ವರ್ಷ ಡೊಂಬಿವಲಿಯಲ್ಲಿ ತರಕಾರಿ ಕೊಂಡ ಅತ್ತೆಯ ಮರಾಠಿ ನನ್ನದಕ್ಕಿಂತ ಗಟ್ಟಿ. ಏನು ಮಾತಾಡಿದರು? ಗಾಳಿ ನನ್ನ ಕಡೆಗೆ ಬೀಸುತ್ತಿರಲಿಲ್ಲ. ಕಾಲು ಗಂಟೆಯ ಮೇಲೆ ಅತ್ತೆ ನನ್ನನ್ನು ಕರೆದು, "ನಮ್ಮ ಅಡ್ರೆಸ್ ಬರೆದು ಕೊಡು ಇವಳಿಗೆ" ಎಂದರು.

ಸುಲೋಚನಾ ಹೇಳಿದ್ದನ್ನು ಕಾರಿನಲ್ಲಿ ನಾನು ಶ್ರೀಪತಿಗೆ ಹೇಳಿದೆ. ಗೋವಾದ ಗಡಿ ದಾಟುವಾಗ ಅವರೇ ಕೇಳಿದರು. "ಅಪ್ಪ, ಜೀವ ಉಳಿಸಿದವರನ್ನು ಇಷ್ಟು ವರ್ಷ ಬಚ್ಚಿಟ್ಟದ್ದು ಯಾಕೆ?"

ಮಾವ ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು. "ಗಂಜಿ ಹೊಟ್ಟೆಯಲ್ಲಿ ನಿಲ್ತಿರ್ಲಿಲ್ಲ. ಆಯಿ ಮೀನಿನ ಸಾರು ಕುಡಿಸಿದ್ಲು. ದಿನಾ. ಮೊದಲೆರಡು ದಿನ ಎಚ್ಚರ ಇರ್ಲಿಲ್ಲ. ಆಮೇಲೆ ಗೊತ್ತಿದ್ದೇ ಕುಡಿದೆ. ಹೇಳಿದ್ರೆ ಯಾವ ಹೋಟೆಲಿನವ ಒಲೆಯ ಮುಂದೆ ನಿಲ್ಲಿಸ್ತಿದ್ದ? ಇವಳ ಅಪ್ಪ ಹುಡುಗಿ ಕೊಡ್ತಿದ್ರಾ?"

ನನ್ನ ಎದೆಯ ಭಾರ ಇಳಿಯಿತು. ಮೀನಿನ ಸಾರು! ಇಷ್ಟೇನಾ? ಒಂದು ಬಟ್ಟಲು ಸಾರಿಗಾಗಿ ಒಬ್ಬ ಮನುಷ್ಯ ನಲವತ್ತು ವರ್ಷ, ತನ್ನನ್ನು ಬದುಕಿಸಿದವಳಿಗೆ ಒಂದು ಕಾಗದ ಬರೆಯದೆ ಇದ್ದನೇ? ಅವಳು ಸಾಯುವವರೆಗೂ? ಮೆಟ್ಟಿಲಿನ ಗೋಡೆಗೆ ಅಂಟಿ ನಿಲ್ಲುತ್ತಿದ್ದದ್ದು ಮಡಿಗೋ, ಭಯಕ್ಕೋ? ಇದು ಮಾವನೊಬ್ಬರ ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ. ಅವರ ಮಾತು ಸುಳ್ಳಾಗಿರಲಿಲ್ಲ. ಯಾರೂ ಒಲೆಯ ಮುಂದೆ ನಿಲ್ಲಿಸುತ್ತಿರಲಿಲ್ಲ. ಅತ್ತೆಯ ಅಪ್ಪ ಖಂಡಿತ ಹುಡುಗಿ ಕೊಡುತ್ತಿರಲಿಲ್ಲ.

ಅತ್ತೆ ಮಾತಾಡಿದ್ದು ಕಾರವಾರ ದಾಟಿದ ಮೇಲೆ.

"ರುಚಿ ಇತ್ತಾ?"

ಮಾವ ಬೆಚ್ಚಿ ತಿರುಗಿದರು. "ಎಂತದು?"

"ಸಾರು. ಮತ್ತೆ ಬೇರೆ ಎಂತ ಕೇಳಿದೆ ಅಂತ ತಿಳ್ಕೊಂಡ್ರಿ?"

ಮಾವ ಮತ್ತೆ ಕಿಟಕಿಯತ್ತ ಮುಖ ತಿರುಗಿಸಿ ಹೇಳಿದರು, "ಇತ್ತು."

ಶರಣಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿ ಮೀಸೆಯಲ್ಲೇ ನಕ್ಕ. ಮರವಂತೆಯಲ್ಲಿ, ರಸ್ತೆಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ನದಿ ಬಂದಾಗ, ಅತ್ತೆ ತಾವಾಗಿ ಕಾರು ನಿಲ್ಲಿಸಿದರು. ಗೇರುಹಣ್ಣು ಹಂಚಿದರು. ಮೊದಲನೆಯದು ಮಾವನಿಗೆ. ಇಡೀ ದಾರಿಯಲ್ಲಿ ಒಳ್ಳೆಯ ಜಾಗ ಯಾವುದು ಎಂದು ಕೇಳಿದರೆ, ಮರವಂತೆ ಎನ್ನುತ್ತೇನೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನ ಬುದ್ಧಿ ನಿಮಗೆ ಗೊತ್ತಲ್ಲ. ಮದುವೆ ಮುಗಿಸಿ ವಾಪಸು ಬಂದ ಮೇಲೆ, ಠಾಣೆಯ ನನ್ನ ಆಫೀಸಿನಲ್ಲಿ ವೆಂಗುರ್ಲಾದ ಹತ್ತಿರದ ಮಾಲವಣ್ ಕಡೆಯ ಪರಬ್ ಎಂಬವರನ್ನು ಕೇಳಿದೆ. ನಿಮ್ಮಲ್ಲಿ ಹಿರಿಯರಿಗೂ "ಇಲಂಸ" ಎಂದು ಏಕವಚನದಲ್ಲೇ ಮಾತಾಡುವುದುಂಟೇ?

"ಎಲ್ಲರಿಗೂ ಹಾಗೇ ಮೇಡಮ್. ನಮ್ಮಲ್ಲಿ ಬಹುವಚನ ಕಡಿಮೆ."

ಸಮಾಧಾನವಾಯಿತು. ನಲವತ್ತು ವರ್ಷದ ಮೇಲೆ ಬಂದವರಿಗೂ ಹೀಗೇ ಅನ್ನುತ್ತಾರಲ್ಲವೇ ಎಂದು ಸೇರಿಸಿದೆ. ಪರಬ್ ಪೆನ್ನಿನ ಮುಚ್ಚಳ ಹಾಕಿದರು.

"ಅಷ್ಟು ವರ್ಷದ ಮೇಲೆ ಬಂದರೆ 'ಯಾರು' ಅಂತಾರೆ ಮೇಡಮ್. 'ಬಂದೆಯಾ' ಅನ್ನೋದು, ಬರ್ತಾರೆ ಅಂತ ಕಾಯ್ತಾ ಇದ್ದವರು."

ಇದನ್ನು ನಾನು ಮನೆಯಲ್ಲಿ ಹೇಳಿಲ್ಲ. ಹೇಳುವುದೂ ಇಲ್ಲ.

ಈ ಸೋಮವಾರ ವೆಂಗುರ್ಲಾದಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಮಾವನ ಹೆಸರಿಗಲ್ಲ, ಅತ್ತೆಯ ಹೆಸರಿಗೆ. ಅತ್ತೆ ಬಾಲ್ಕನಿಯಲ್ಲಿ ಕೂತು ಮೆಲ್ಲಗೆ ಅಕ್ಷರ ಕೂಡಿಸಿ ಓದಿದರು, ಒಂದು ಕಡೆ ನಕ್ಕರು, ಮಡಚಿ ತಮ್ಮ ಟ್ರಂಕಿಗೆ ಹಾಕಿ ಬೀಗ ಜಡಿದರು. ಯಾರಿಗೂ ಏನೂ ಹೇಳಲಿಲ್ಲ.

ಅಂದಿನಿಂದ ಮಾವ ನನ್ನ ಹಿಂದೆ ಬಿದ್ದಿದ್ದಾರೆ. ನಾನು ಆಫೀಸಿಗೆ ಹೊರಟರೆ ಬಾಗಿಲವರೆಗೆ ಬರುತ್ತಾರೆ. "ಎಂತ ಬರೆದಿದ್ದಾಳಂತೆ? ನೀನು ಓದಿದ್ಯಾ? ಇವಳು ಎಂತಕ್ಕೆ ನಗಾಡಿದ್ದು?"

ನಲವತ್ತು ವರ್ಷ ಬಾಯಿ ಬಿಡದ ಮನುಷ್ಯನಿಗೆ ನಾಲ್ಕು ದಿನ ತಡೆದುಕೊಳ್ಳಲು ಆಗುವುದಿಲ್ಲವೇ?