ಗೆರೆಯೊಳಗೆ ಒಬ್ಬನ ಮಾತು

ಹೋದ ವಾರ ನಮ್ಮ ಶಾಲೆಯ ಮೈದಾನದಲ್ಲಿ ಕಬಡ್ಡಿ ಆಡುತ್ತಿದ್ದ ಹುಡುಗಿಯೊಬ್ಬಳು ತಲೆ ತಾಗಿ ಬಿದ್ದಳು. ನಾನು ಓಡಿ ಹೋಗುವಷ್ಟರಲ್ಲಿ ಬಿಸಿಯೂಟದ ಅಕ್ಕ ಒಂದು ಉಳ್ಳಾಗಡ್ಡಿಯನ್ನು ಕಟ್ಟೆಯ ಮೇಲಿಟ್ಟು, ಮುಷ್ಟಿಯಿಂದ ಗುದ್ದಿ ಒಡೆದು, ಅವಳ ಮೂಗಿಗೆ ಹಿಡಿದಿದ್ದಳು. ಹುಡುಗಿ ಕಣ್ಣು ಬಿಟ್ಟಳು. "ಎದ್ಲು ನೋಡ್ರಿ ಸರ್, ಏನೂ ಆಗಿಲ್ಲ," ಅಂದಳು ಅಕ್ಕ. ಪಾಪ, ಅವಳ ತಪ್ಪೇನು? ಆದರೂ ನಾನು ಊರಿಗೇ ಕೇಳುವಂತೆ ರೇಗಿಬಿಟ್ಟೆ. ಹುಡುಗಿಯನ್ನು ನವಲಗುಂದದ ಆಸ್ಪತ್ರೆಗೆ ಕಳಿಸಿ, ಏನೂ ಇಲ್ಲವೆಂದು ಫೋನು ಬಂದ ಮೇಲೂ ಆ ಕಟ್ಟೆಗೆ ನೀರು ಸುರಿದು ತಿಕ್ಕುತ್ತಲೇ ಇದ್ದೆ. ಒಡೆದ ಉಳ್ಳಾಗಡ್ಡಿಯ ಆ ಘಾಟು… ಎಂಟು ವರ್ಷದಿಂದ ಅದರಿಂದ ತಪ್ಪಿಸಿಕೊಂಡು ತಿರುಗಿದವನು ನಾನು.

ನಾನು ಒಂದು ಕಾಲಕ್ಕೆ ರಗ್ಬಿ ಆಡಿ ಪಗಾರ ಎಣಿಸಿದವನು ಎಂದರೆ ಈ ಕಡೆ ಯಾರೂ ನಂಬುವುದಿಲ್ಲ. ಅಣ್ಣಿಗೇರಿಯ ಒಬ್ಬ ಹತ್ತಿ ವ್ಯಾಪಾರಿ ಮುಂಬಯಿಗೆ ಹೋದಾಗ ಆ ಆಟ ನೋಡಿ ಮರುಳಾಗಿ ಬಂದರು. ಗರಡಿಯ ಪೈಲವಾನರು, ಕಬಡ್ಡಿ ಹುಡುಗರು, ಹಮಾಲಿ ಮಾಡುತ್ತಿದ್ದ ಇಬ್ಬರು, ಹೀಗೆ ಸಿಕ್ಕ ಸಿಕ್ಕವರನ್ನು ಕೂಡಿಸಿ ತಂಡ ಕಟ್ಟಿದರು. ತಿಂಗಳಿಗೆ ಪಗಾರ, ದಿನಕ್ಕೆ ನಾಲ್ಕು ತತ್ತಿ, ಒಂದು ಲೀಟರ್ ಹಾಲು. ಆಟ ಕಲಿಸಲು ಪುಣೆಯಿಂದ ಕೋಚ್ ಬಂದರು. ಮೈ ಗಟ್ಟಿ ಮಾಡಲು ಊರ ಗರಡಿಯ ವಸ್ತಾದರನ್ನು ಕರೆತಂದರು. ವಸ್ತಾದ ಎಂದರೆ ಕುಸ್ತಿ ಕಲಿಸುವ ಗುರು. ಅವರ ಹೆಸರು ಹಿಡಿದು ಕರೆಯುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ.

ವಸ್ತಾದರು ಮೊದಲ ದಿನ ಚೆಂಡನ್ನು ಕೈಯಲ್ಲಿ ಹಿಡಿದು ಹೊರಳಿಸಿ ಹೊರಳಿಸಿ ನೋಡಿದರು. "ಇದೇನಲೇ, ಬದನಿಕಾಯಿ ಇದ್ದಂಗೈತಿ?" ಮುಂದಕ್ಕೆ ಓಡಬೇಕು, ಆದರೆ ಚೆಂಡನ್ನು ಕೈಯಿಂದ ಹಿಂದಕ್ಕೇ ಕೊಡಬೇಕು ಎಂದು ಕೋಚ್ ತಿಳಿಸಿದಾಗ ವಸ್ತಾದರು ಮೀಸೆಯೊಳಗೇ ನಕ್ಕರು. "ಹಿಂದ ಒಗದು ಮುಂದ ಹೋಗೂದು. ನಮ್ಮ ಸಂಸಾರನೂ ಹಂಗ ನಡದೈತಿ ಬಿಡ್ರಿ." ಆದರೆ ಎಂಟು ಜನ ಬಗ್ಗಿ, ಹೆಗಲಿಗೆ ಹೆಗಲು ಕೊಟ್ಟು, ಎದುರಿನ ಎಂಟು ಜನರನ್ನು ದೂಡುವ ಸ್ಕ್ರಮ್ ಎಂಬುದನ್ನು ನೋಡಿದ ಕೂಡಲೇ ಅವರ ಮುಖ ಬದಲಾಯಿತು. ಕುತ್ತಿಗೆ ಅಂದರೆ ಅವರ ವಿದ್ಯೆ. ಮರುದಿನದಿಂದ ಎತ್ತು ಬಿಚ್ಚಿದ ಚಕ್ಕಡಿಯ ಮೇಲೆ ಹತ್ತಿ ಅಂಡಿಗೆ ಹೇರಿಸಿ, ಎರೆ ಹೊಲದಲ್ಲಿ ನಮ್ಮಿಂದ ದೂಡಿಸಿದರು.

ಮೊದಲ ವರ್ಷ ಆಡಿದ ಪಂದ್ಯವೆಲ್ಲ ಸೋತೆವು. ಎರಡನೆಯ ವರ್ಷ ಎರಡು ಗೆದ್ದೆವು. ಮೂರನೆಯ ವರ್ಷ ಕೋಲ್ಕತ್ತಾದವರು ನಮ್ಮ ಸ್ಕ್ರಮ್ ನೋಡಿ ಫೋಟೋ ತೆಗೆದುಕೊಂಡರು. ಅಗದಿ ರಾಜರ ಹಾಗೆ ಮೆರೆದೆವು. ಊರಿನ ಹೋಟೆಲ್‌ನಲ್ಲಿ ನಮ್ಮಿಂದ ಚಹಾದ ರೊಕ್ಕ ತೆಗೆದುಕೊಳ್ಳುತ್ತಿರಲಿಲ್ಲ.

ನಾಲ್ಕನೆಯ ವರ್ಷ ನನ್ನನ್ನು ಕ್ಯಾಪ್ಟನ್ ಮಾಡಿದರು. ಆ ದಿನ ವಸ್ತಾದರು ಗರಡಿಗೆ ಕರೆದು, ತಮ್ಮ ರುಮಾಲು ಬಿಚ್ಚಿ ನನ್ನ ತಲೆಗೆ ಸುತ್ತಿದರು. ಎಲ್ಲರ ಎದುರಿಗೆ ಹೇಳಿದರು: "ಇನ್ನ ಗೆರಿಯೊಳಗ ಇವಂದ ಒಬ್ಬಂದ ಮಾತು. ನಾನೂ ಕೇಳಾಂವ." ಗರಡಿಯಲ್ಲಿ ಅದೇ ರಿವಾಜು, ಮಣ್ಣಿಗೆ ಇಳಿದ ಮೇಲೆ ಎರಡು ಮಾತಿಲ್ಲ. ನನಗೆ ಎದೆ ಉಬ್ಬಿ ಹೋಯಿತು. ಇಪ್ಪತ್ತಾರರ ಹುಡುಗನಿಗೆ ಅಷ್ಟು ದೊಡ್ಡ ಮಾತು ಕೊಡಬಾರದಿತ್ತು… ಅವರು ಕೊಟ್ಟರು.

ಐದನೆಯ ವರ್ಷ ಮಾಲಕರ ಹತ್ತಿ ವ್ಯಾಪಾರ ಕುಸಿಯಿತು. ಕೊನೆಯ ಪಂದ್ಯ ಗೆದ್ದರೆ ಮಾತ್ರ ತಂಡ ಉಳಿಯುತ್ತದೆ ಎಂದು ಅವರು ನೇರವಾಗಿ ಹೇಳಿದ್ದರು. ಇನ್ನು ಹತ್ತು ನಿಮಿಷ ಉಳಿದಿತ್ತು, ನಾವು ಎರಡು ಪಾಯಿಂಟು ಹಿಂದೆ. ಆಗ ಫಕೀರಪ್ಪ ಬಿದ್ದ. ಕುಂದಗೋಳದ ಹತ್ತಿರದ ಹಳ್ಳಿಯವನು, ನಮ್ಮಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವನು. ಎದುರಿನವನ ಮೊಣಕಾಲು ತಲೆಗೆ ಬಡಿದಿತ್ತು. ನೀರಿನ ಚೀಲ ಹಿಡಿದು ವಸ್ತಾದರು ಓಡಿ ಬಂದರು. ಚೀಲದಿಂದ ಉಳ್ಳಾಗಡ್ಡಿ ತೆಗೆದು, ಅಂಗೈಯಲ್ಲಿಟ್ಟು ಗುದ್ದಿ, ಅವನ ಮೂಗಿಗೆ ಹಿಡಿದರು. ಗರಡಿಯಲ್ಲಿ ಯಾರಿಗೆ ಕಣ್ಣು ಕತ್ತಲೆ ಬಂದರೂ ಅದೇ ಮದ್ದು. ಫಕೀರಪ್ಪ ಎದ್ದು ಕುಳಿತ.

ವಸ್ತಾದರು ಅವನ ಗದ್ದ ಹಿಡಿದೆತ್ತಿ ನೋಡಿದರು. "ಕಣ್ಣು ನೆಟ್ಟಗಿಲ್ಲೋ ತಮ್ಮಾ. ಇವನ್ನ ಹೊರಗ ಕಳಸು."

"ಹತ್ತ ನಿಮಿಷ ಅಷ್ಟರೀ ವಸ್ತಾದರ," ಎಂದೆ. "ತಲಿಗೆ ಪೆಟ್ಟಂದ್ರ ಆಡಾಕ ಬಿಡೂದಿಲ್ಲ, ಕಾಲು ಉಳುಕೇತಿ ಅಂತ ರೆಫರಿಗೆ ಹೇಳ್ರಿ."

ಅವರು ನನ್ನ ಮುಖ ನೋಡಿದರು. ಒಂದು ಗಳಿಗೆ, ಅಷ್ಟೇ. ರೆಫರಿ ಹತ್ತಿರ ಬಂದಾಗ ತಮ್ಮ ಹರಕು ಹಿಂದಿಯಲ್ಲಿ, ಕಾಲು ಉಳುಕಿದೆ ಸಾಹೇಬರೇ, ಎಂದರು. ಗೆರೆಯೊಳಗೆ ನನ್ನ ಮಾತು ನಡೆಯಿತು. ನಾಲ್ಕು ನಿಮಿಷದ ಮೇಲೆ ಫಕೀರಪ್ಪ ಚೆಂಡು ಹಿಡಿದು ಓಡಿ, ಕೊನೆಯ ಗೆರೆ ದಾಟಿ, ಚೆಂಡನ್ನು ನೆಲಕ್ಕೊತ್ತಿ ಬಿದ್ದ, ಐದು ಪಾಯಿಂಟು. ಅವನ ಮೇಲೆ ಇಬ್ಬರು ಬಿದ್ದರು. ಪಂದ್ಯ ಗೆದ್ದೆವು. ಅವನು ಏಳಲಿಲ್ಲ.

ಜೀವ ಉಳಿಯಿತು. ಆದರೆ ಬಲಗೈ ಬಲಗಾಲು ಸ್ವಾಧೀನ ತಪ್ಪಿದವು, ಮಾತು ತೊದಲಿತು. ಆ ದಿನದ್ದು ಅವನಿಗೆ ಒಂದೂ ನೆನಪಿಲ್ಲ. ಮಾಲಕರ ಆಫೀಸಿನಲ್ಲಿ ವಿಚಾರಣೆ ನಡೆಯಿತು. ಅವನನ್ನು ಆಡಿಸಿದವರು ಯಾರು ಎಂದು ಕೇಳಿದರು. "ನಾನ್ರಿ," ಅಂದರು ವಸ್ತಾದರು. ನಾನು ಅವರ ಬಾಜೂಕ್ಕೇ ನಿಂತಿದ್ದೆ. ನನಗೆ ಆಟದ ಕೋಟಾದಲ್ಲಿ ಮಾಸ್ತರಿಕೆಯ ಆದೇಶ ಬರುವುದಿತ್ತು. ಬಾಯಿಗೆ ಬೀಗ ಬಿತ್ತು… ಬಿತ್ತು ಅನ್ನುವುದೂ ಸುಳ್ಳು. ನಾನೇ ಹಾಕಿಕೊಂಡೆ. ಪೇಪರಿನವರು ಉಳ್ಳಾಗಡ್ಡಿ ವೈದ್ಯ ಎಂದು ಬರೆದು ನಕ್ಕರು.

ಫಕೀರಪ್ಪನ ಅವ್ವ ಗರಡಿಯ ಬಾಗಿಲಿಗೆ ಬಂದದ್ದು ಅದಾದ ಮೂರನೆಯ ದಿನ. ಬೀದಿಯ ಮಣ್ಣನ್ನು ಎರಡೂ ಕೈಯಲ್ಲಿ ಬಾಚಿ ವಸ್ತಾದರ ಮೇಲೆ ತೂರಿದಳು. "ನನ್ನ ಮಗನ ಬಾಳೇವು ಹಾಳ ಮಾಡಿದಿ, ನಿನ್ನ ಮನಿ ಮಣ್ಣಾಗಲಿ!" ಅವರು ತಲೆ ತಗ್ಗಿಸಿ ನಿಂತರು. ಮೀಸೆಯ ಮೇಲಿನ ಮಣ್ಣನ್ನೂ ಒರೆಸಿಕೊಳ್ಳಲಿಲ್ಲ. ಜನರ ನಡುವೆ ನಾನೂ ಇದ್ದೆ. ಆ ಮಣ್ಣು ನನ್ನ ಮೇಲೆ ಬೀಳಬೇಕಾದದ್ದು.

ತಿಂಗಳೊಳಗೆ ತಂಡ ಮುಚ್ಚಿತು. ಗೆದ್ದರೂ ಮುಚ್ಚಿತು. ಗರಡಿಗೂ ಕೀಲಿ ಬಿತ್ತು, ಯಾರೂ ಅವರ ಕೈಗೆ ಮಕ್ಕಳನ್ನು ಕೊಡಲಿಲ್ಲ. ನನಗೆ ನೌಕರಿ ಬಂತು, ಮದುವೆಯಾಯಿತು. ಅಣ್ಣಿಗೇರಿಗೆ ಹೋದರೆ ಅವರ ಓಣಿ ತಪ್ಪಿಸಲು ಒಂದು ಸ್ಟಾಪ್ ಮೊದಲೇ ಇಳಿದು ನಡೆಯುತ್ತಿದ್ದೆ. ಒಂದೇ ಒಂದು ಸಲ ಸಂತೆಯಲ್ಲಿ ಎದುರಾದರು. "ಹೆಂಗದೀಪಾ? ಮೈ ಬಿಟ್ಟೀ ನೋಡು," ಎಂದು ನನ್ನ ಹೆಗಲು ಅದುಮಿ ನೋಡಿ ಮುಂದೆ ಹೋದರು. ಕಾಲು ಹಿಡಿಯಬೇಕೆಂದುಕೊಂಡೆ, ಹಿಡಿಯಲಿಲ್ಲ. ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತು ಬಂದೆ. ಥೂ, ಅದೂ ಒಂದು ಹೋಗುವುದೇ?

ಆ ಹುಡುಗಿ ಬಿದ್ದ ಮೇಲೆ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ನಿನ್ನೆ ಭಾನುವಾರ ಫಕೀರಪ್ಪನ ಹಳ್ಳಿಗೆ ಹೋದೆ. ಎಂಟು ವರ್ಷದಲ್ಲಿ ಮೊದಲ ಸಲ. ಅವನು ಪಡಸಾಲೆಯಲ್ಲಿ ಹೊರಸಿನ ಮೇಲೆ ಒರಗಿದ್ದ. ನನ್ನನ್ನು ಗುರುತಿಸಿ ನಕ್ಕ. ಅವ್ವ ಈ ಕಡೆಯ ಪದ್ಧತಿಯಂತೆ ಮಾತಿಗಿಂತ ಮೊದಲು ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ತಂದು ಕೊಟ್ಟಳು. ಕುಡಿದೆ. ಆಮೇಲೆ ಎಲ್ಲ ಹೇಳಿದೆ. ಹೊರಗೆ ಕಳಿಸು ಎಂದವರು ವಸ್ತಾದರು, ಆಡಿಸಿದವನು ನಾನು ಎಂದೆ.

ಬೈಯಲಿ, ಮಣ್ಣು ತೂರಲಿ ಎಂದು ಕಾಯುತ್ತ ಕುಳಿತೆ. ಅವಳು ಮಗನ ಬಲಗಾಲಿನ ಮೇಲೆ ಕೈಯಿಟ್ಟು ಹೇಳಿದಳು:

"ಸೋಮವಾರಕ್ಕೊಮ್ಮಿ ಬರ್ತಿದ್ನಪಾ ಆ ಮನಷ್ಯಾ. ಎರಡ ಬಸ್ಸು ಬದಲಿ ಮಾಡಿ, ಎಣ್ಣಿ ಬಾಟ್ಲಿ ಹಿಡಕೊಂಡು. ಏಳ ವರ್ಷ ಇವನ ಕಾಲು ತಿಕ್ಕ್ಯಾನ. ಬಾಯಿ ಬಿಟ್ಟು ಒಂದ ಮಾತ ಹೇಳಲಿಲ್ಲ."

"ನಿಮಗೂ ಹೇಳಲಿಲ್ಲೇನವ್ವಾ?"

"ಇಲ್ಲೋ ತಮ್ಮಾ. ಇಲ್ಲೇ ಬಿಸಲಾಗ ಬಂದು ಕುಂಡರ್ತಿದ್ದ. ಏಳ ವರ್ಷದಾಗ ಒಂದ ದಿನಾನೂ ನಾ ಅವಗ ಕುಡ್ಯಾಕ ನೀರ ಕೊಡಲಿಲ್ಲ."

ನನ್ನ ಕೈಯಲ್ಲಿ ಖಾಲಿ ತಂಬಿಗೆ ಇತ್ತು.