ವಾಲ್ವಿನ ಬಾಯಿ

ಗೊಬ್ಬೂರಿನಿಂದ ನನ್ನ ಕಾಕಿ, ಅಂದರೆ ಚಿಕ್ಕಮ್ಮ, ಬಸ್ಸಿನಲ್ಲಿ ಕಳಿಸಿದ ನಿಂಬೆಹಣ್ಣನ್ನು ಜೇವರ್ಗಿಯ ನನ್ನ ಕೋಣೆಯಲ್ಲಿ ಈಗಷ್ಟೇ ಕೊಯ್ದೆ. ನಂಬಿದರೆ ನಂಬಿ, ಮೂಗಿಗೆ ಮೊದಲು ಬಡಿದದ್ದು ಕಾದ ಮೋಟಾರಿನ ವಾಸನೆ.

ಈ ನಿಂಬೆಯ ಗಿಡಗಳನ್ನು ಕೆಲವು ವರ್ಷಗಳ ಹಿಂದೆ ಕಾಕಿ ಹಟಕ್ಕೆ ಬಿದ್ದು ಹೊಲದ ದಿನ್ನೆಯ ಮೇಲೆ ನೆಟ್ಟಿದ್ದಳು. ಅಲ್ಲಿಗೆ ನೀರು ಹತ್ತದಿದ್ದರೆ ಎಲ್ಲವನ್ನೂ ಕಿತ್ತು ತೊಗರಿ ಬಿತ್ತುವುದೆಂದು ಅವಳ ಗಂಡ ಕಾಕಾನ ತೀರ್ಮಾನ. ಏಳೂವರೆ ಎಚ್‌ಪಿ ಪಂಪೇ ಬೇಕೆಂದು ಕಾಕಾ, ಮೂರು ಸಾಕೆಂದು ನಾನು. ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು, ಸುಮ್ಮನಿರುವುದುಂಟೇ? ಸೆಕೆಂಡಿಗೆ ಐದು ಲೀಟರ್ ನೀರು. ಪೈಪಿನೊಳಗಿನ ತಿಕ್ಕಾಟವೂ ಸೇರಿ ಇಪ್ಪತ್ನಾಲ್ಕು ಮೀಟರ್ ಎತ್ತರ. ಗುಣಿಸಿ ಎಪ್ಪತ್ತೈದರಿಂದ ಭಾಗಿಸಿದರೆ ಒಂದೂವರೆ ಎಚ್‌ಪಿಗಿಂತ ತುಸು ಹೆಚ್ಚು. ಪಂಪು ತಾನು ಪಡೆದ ಶಕ್ತಿಯಲ್ಲಿ ನೀರಿಗೆ ಮುಟ್ಟಿಸುವುದು ನೂರಕ್ಕೆ ಅರವತ್ತು. ಅಂದರೆ ಬೇಕಾದದ್ದು ಎರಡೂಮುಕ್ಕಾಲಿನೊಳಗೆ, ಮೂರು ಸಾಕು.

"ನೀರೇನು ನಿನ್ನ ಭಾಷಣ ಕೇಳಿ ದಿನ್ನಿ ಹತ್ತತದೇನಬೇ?" ಅಂದರು ಕಾಕಾ. ಆದರೂ ಮೂರನ್ನೇ ತಂದರು.

ಮೊದಲ ದಿನ ಅವರಿಗೆ ಮೋಟಾರಿನ ಮೇಲೆ ಕರುಣೆ ಉಕ್ಕಿತು. "ಪಾಪ, ಸಣ್ಣದು. ಇವತ್ತ ಇಲ್ಲೇ ಹಗುರ ಓಡ್ಲಿ" ಎಂದು ದಿನ್ನೆಯ ಪೈಪು ಬಿಚ್ಚಿ, ವಾಲ್ವು ಪೂರಾ ತೆರೆದು, ನೀರನ್ನು ಅಲ್ಲೇ ಕಾಲುವೆಗೆ ಬಿಟ್ಟರು. ನೀರು ಭೋರೆಂದು ನುಗ್ಗಿತು. ಹಿಂದೆಯೇ ಆ ವಾಸನೆ. ಸ್ಟಾರ್ಟರ್ ಟಪ್ಪೆಂದು ಬಿದ್ದು ಮೋಟಾರು ನಿಂತಿತು.

"ನೆಲದ ಮ್ಯಾಲೇ ತಡೀಲಿಲ್ಲ, ದಿನ್ನಿ ಹತ್ತತದಂತ! ನಾಳೆ ಗಿಡ ಕೀಳಸ್ತೀನಿ."

ಕಾಕಿ ನನ್ನತ್ತ ನೋಡಿದಳು. ಲೆಕ್ಕದಲ್ಲಿ ತಪ್ಪೆಲ್ಲಿ? ಆಗ ಹೊಳೆಯಿತು: ದಿನ್ನೆಯ ಎತ್ತರ ತೆಗೆದ ಮೇಲೆ ನೀರು ಐದು ಲೀಟರಿಗೆ ನಿಲ್ಲುವುದೇ ಇಲ್ಲ. ತಡೆಯಿಲ್ಲದ ಈ ಜಾತಿಯ ಪಂಪು ಮೈಮೇಲೆ ಎಚ್ಚರವಿಲ್ಲದೆ ನೀರು ತಳ್ಳಿ ಮೋಟಾರನ್ನು ದಣಿಸುತ್ತದೆ.

"ಬಾಯಿ ಮುಚ್ಚು ಕಾಕಿ, ಅರ್ಧ ಬಾಯಿ!"

"ನಂದು ಮುಚ್ಚೇ ಅದಬೇ. ನಿಮ್ಮಿಬ್ಬರದು ಯಾವಾಗ ಮುಚ್ತದ?"

"ವಾಲ್ವಿಂದು!"

ಕಾಕಿ ವಾಲ್ವು ತಿರುಗಿಸಿದಳು. ನಾನು ಮತ್ತೆ ಚಾಲೂ ಮಾಡಿದೆ. ಮೋಟಾರು ಸುಟ್ಟರೆ ಸೋಲುವುದು ನನ್ನ ವಾದ, ಒಣಗುವುದು ಕಾಕಿಯ ಗಿಡ. ಸುಡಲಿಲ್ಲ, ಸದ್ದು ಸಮವಾಯಿತು. "ಬಾಯಿ ಕಟ್ಟಿದ್ರ ಉಸಿರು ಹಗುರಾಗೋದು ಯಾವ ನ್ಯಾಯಬೇ?" ಎಂದು ಗೊಣಗುತ್ತಲೇ ಕಾಕಾ ಮೋಟಾರು ನಿಲ್ಲಿಸಿ, ದಿನ್ನೆಯ ಪೈಪು ಜೋಡಿಸಿ, ವಾಲ್ವು ತೆರೆದು ಚಾಲೂ ಮಾಡಿದರು; ಕಾಕಿ ದಿನ್ನೆಗೆ ಓಡಿದಳು. ಬಹಳ ಹೊತ್ತಿನ ಮೇಲೆ ದಿನ್ನೆಯಿಂದ ಕಾಕಿಯ ಕೂಗು ಕೇಳಿತು: "ಬಂತೂ!"

ಹಣ್ಣು ಮುಟ್ಟಿತೆಂದು ಹೇಳಲು ಈಗ ಫೋನು ಮಾಡಿದೆ. ಕಾಕಾನೇ ಎತ್ತಿದರು. "ಇನ್ನೂ ಮ್ಯಾಲಿನ ದಿನ್ನಿಗೂ ಗಿಡ ಹಚ್ಚಾಕತ್ತೇವಿ. ಇದೇ ಪಂಪ ಸಾಕು, ನೀನೇ ಹೇಳಿದ್ದಿಯಲ್ಲ."

ನಾನು ಹೇಳಿದ್ದು ಇಪ್ಪತ್ನಾಲ್ಕು ಮೀಟರಿನ ಲೆಕ್ಕ ಮಾತ್ರ. ವಾದ ಹೂಡಲಿಲ್ಲ. ಹೋಳನ್ನು ಕೆಳಗಿಟ್ಟು ಕೇಳಿದೆ, "ಎತ್ತರ ಅಳದೀರೇನ್ರಿ ಕಾಕಾ?"