ದನಿಯೂ ಅವಳೇ, ದಣಿಯೂ ಅವಳೇ

ಹ್ಯಾಂಬರ್ಗಿನಲ್ಲಿ ನಾವಿದ್ದ ಮನೆಯ ಕೆಳಮಹಡಿಯ ಬಾಗಿಲ ಮುಂದೆ, ನೆರೆಹೊರೆಯವರ ಸಭ್ಯ ಕಪ್ಪು ಪಾದರಕ್ಷೆಗಳ ನಡುವೆ, ಮೊನಚು ಮೂತಿಯ ಒಂದು ಜೊತೆ ಕೆಂಪು ಕೌಬಾಯ್ ಬೂಟು ಸದಾ ಮಳೆನೀರು ಇಳಿಸುತ್ತ ನಿಂತಿರುತ್ತಿತ್ತು. ಅದರ ಒಡತಿ ಇಂಗೆ, ಬಂದರಿನ ಕ್ರೇನ್ ಚಾಲಕನ ಮಗಳು. ಕುದುರೆ ಹತ್ತುವುದಿರಲಿ, ಅದರ ಬಾಲವನ್ನೂ ಮುಟ್ಟಿದವಳಲ್ಲ. ಆದರೆ ಅಮೆರಿಕದ ದನಗಾಹಿಗಳ ದುಃಖವನ್ನು ಅವಳು ಕಂಟ್ರಿ ಹಾಡುಗಳಲ್ಲಿ ಹಾಡತೊಡಗಿದರೆ, ಧಾರವಾಡದಿಂದ ಬಂದು ಪ್ರಯೋಗಾಲಯದ ಗಾಜಿನ ನಳಿಗೆಗಳ ನಡುವೆ ಒಣಗುತ್ತಿದ್ದ ನನಗೂ ಎಲ್ಲೋ ಒಂದು ಎಮ್ಮೆ ಕಳೆದುಕೊಂಡಂತಾಗುತ್ತಿತ್ತು.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು, ಮಿತ್ರರೇ. ಮನುಷ್ಯ ಚಂದ್ರನತ್ತ ಹೊರಟಿದ್ದ. ಹೆಣ್ಣು ಮಾತ್ರ ಸ್ಟುಡಿಯೋದಲ್ಲಿ ಹಾಡುವ ಕೋಣೆಯ ಗಾಜಿನ ಗೋಡೆ ದಾಟುವಂತಿರಲಿಲ್ಲ. ದನಿ ಹೆಣ್ಣಿನದಿರಬಹುದು, ದಣಿ ಗಂಡಸೇ ಆಗಿರಬೇಕು, ಇದು ರೆಕಾರ್ಡ್ ಕಂಪನಿಗಳ ಅಲಿಖಿತ ಸಂವಿಧಾನ. ಇಂಗೆಯ ಮೊದಲ ರೆಕಾರ್ಡಿಗೆ, ಹಾಡಿಗೆ ವಾದ್ಯ ಹೊಂದಿಸುವ ಕಂಪನಿಯ ನಿರ್ಮಾಪಕ ಎಷ್ಟು ತುತ್ತೂರಿ ಸುರಿದಿದ್ದನೆಂದರೆ, ದನಗಾಹಿಯ ವಿರಹವು ಬಿಯರ್ ಹಬ್ಬದ ಮೆರವಣಿಗೆಯಾಗಿ ಹೊರಬಂದಿತ್ತು.

ಎರಡನೆಯ ರೆಕಾರ್ಡಿನ ಹೊತ್ತಿಗೆ ಆ ಪುಣ್ಯಾತ್ಮ ಫ್ಲೂ ಹಿಡಿದು ಮಲಗಿದ. ಇಂಗೆ ಅವನ ಕುರ್ಚಿಯಲ್ಲಿ ಕುಳಿತಳು. ತುತ್ತೂರಿಯವರನ್ನು ಮನೆಗೆ ಕಳಿಸಿ, ಒಂದು ಗಿಟಾರು, ಒಂದು ಪಿಟೀಲು, ನಡುವೆ ಒಂದಿಷ್ಟು ಮೌನ ಉಳಿಸಿಕೊಂಡಳು. ಕೊನೆಯ ದಿನ ಅವಳ ಭಾರದ ಆಂಪ್ಲಿಫೈಯರ್ ಹೊರಲು ನಾನು ಹೋಗಿದ್ದೆ. ಕುತೂಹಲಕ್ಕೆ ನನ್ನ ಹೆಂಡತಿ ಶಾರದೆಯೂ ಬಂದಿದ್ದಳು.

ಅಷ್ಟರಲ್ಲಿ ಕಂಪನಿಯ ಯಜಮಾನರು ಬಂದರು. ಹಾಡು ಕೇಳಿ ಕಣ್ಣೊರೆಸಿಕೊಂಡರು. "ಅದ್ಭುತ! ಮಾಡಿದ್ದು ಯಾರು?"

"ನಾನು," ಎಂದಳು ಇಂಗೆ.

"ಹಾಡಿದ್ದು ನೀವು, ಗೊತ್ತು. ಮಾಡಿದ್ದು ಯಾರು?"

ಗಿಟಾರು, ಪಿಟೀಲಿನ ಗೆಳೆಯರು ಆಗಲೇ ಹೊರಟುಹೋಗಿದ್ದರು. ಕೋಣೆಯಲ್ಲಿದ್ದ ಇನ್ನೊಬ್ಬ ಗಂಡಸು ನಾನೊಬ್ಬನೇ. ಅವರು ನೇರವಾಗಿ ಬಂದು ನನ್ನ ಕೈ ಕುಲುಕಿದರು. ನಾನು ರಸಾಯನಶಾಸ್ತ್ರದ ಡಾಕ್ಟರು, ಪೆಟ್ಟಿಗೆ ಹೊರಲು ಬಂದವನು ಎಂದೆ. "ಭಾರತೀಯರ ವಿನಯ!" ಎಂದರು. ನನಗೆ ಸಂಗೀತದ ಗಂಧವಿಲ್ಲ ಎಂದೆ. ವಿನಯ ಇನ್ನೂ ಹೆಚ್ಚಿತು.

ಶಾರದೆ ಕನ್ನಡದಲ್ಲಿ, "ಅಲ್ರೀ, ಮನ್ಯಾಗ ರೇಡಿಯೋ ಹಚ್ಚಲಿಕ್ಕೂ ನನ್ನ ಕರೀತೀರಿ. ಇದನ್ನೆಲ್ಲಾ ಯಾವಾಗ ಕಲತ್ರಿ?" ಎಂದಳು.

"ನಾ ಎಲ್ಲೆ ಕಲತೀನಿ? ಅವರ ಕೇಳವಲ್ಲರು!"

ನನ್ನ ಅಜ್ಞಾನವನ್ನು ಸಾಬೀತುಪಡಿಸಲೆಂದೇ ಒಂದು ಗುಂಡಿ ತಿರುಗಿಸಿದೆ. ಸ್ಪೀಕರ್ ಕಿರುಚಿತು. ಇಂಗೆ ಕೈಚಾಚಿ ಅದನ್ನು ಸರಿಮಾಡಿದಳು. ಟೇಪಿನ ಪಿಟೀಲು ಮತ್ತೆ ಉಸಿರಾಡಿತು. ಯಜಮಾನರು ತಲೆದೂಗಿ ನನಗೆ ಹೇಳಿದರು: "ಎಷ್ಟು ಚೆನ್ನಾಗಿ ಕಲಿಸಿದ್ದೀರಿ!"

ನಾನು ನಗುವವನಿದ್ದೆ. ಇಂಗೆಯ ಮುಖ ನೋಡಿ ಗುಂಡಿಗಳಿಂದ ದೂರ ಸರಿದೆ. ಅವಳು ಬಿಳಿಚಿಕೊಂಡಿದ್ದಳು.

"ರೆಕಾರ್ಡಿನ ಮೇಲೆ ನಿರ್ಮಾಪಕಿ ಎಂದು ನನ್ನ ಹೆಸರು ಬರಬೇಕು," ಎಂದಳು.

"ಅಂಗಡಿಯವರು ಕೊಳ್ಳುವುದಿಲ್ಲ, ಮಗೂ. ಈ ಡಾಕ್ಟರರ ಹೆಸರು ಹಾಕೋಣ. ವಿದೇಶಿ ಹೆಸರು, ಆಕರ್ಷಣೆಯೂ ಇರುತ್ತದೆ."

"ಹಾಗಾದರೆ ಬಿಡುಗಡೆಯ ಕರಾರಿಗೆ ನಾನು ಸಹಿ ಮಾಡುವುದಿಲ್ಲ. ಟೇಪು ನಿಮ್ಮದು, ಇಟ್ಟುಕೊಳ್ಳಿ."

ಮನೆಗೆ ಬಂದು, ಮೆಟ್ಟಿಲ ಬಳಿ ಶಾರದೆ ತಬ್ಬಿಕೊಂಡಾಗ ಇಂಗೆ ಅತ್ತಳು. ಅಷ್ಟು ಒಳ್ಳೆಯ ಕೆಲಸ ಆ ಕಂಪನಿಯ ಕಪಾಟಿನಲ್ಲಿ ಕೊಳೆಯಿತು. ಇಂಗೆ ಹಗಲು ಮೀನಿನ ಅಂಗಡಿಯಲ್ಲಿ ನಿಂತಳು, ಸಂಜೆ ನಾವಿಕರ ಪಾನಗೃಹಗಳಲ್ಲಿ ಹಾಡಿದಳು. ಎಪ್ಪತ್ತರ ದಶಕ ಕಾಲಿಟ್ಟ ಮೇಲೆ, ಆ ಪಿಟೀಲಿನ ಗೆಳೆಯನೊಡನೆ ಒಂದು ಹಳೆಯ ಮೀನಿನ ಗೋದಾಮಿನ ಗೋಡೆಗಳಿಗೆ ಕಂಬಳಿ ಬಡಿದು, ಅದೇ ಹಾಡುಗಳನ್ನು ಮೊದಲಿನಿಂದ ಮುದ್ರಿಸಿ, ತನ್ನದೇ ಪುಟ್ಟ ಕಂಪನಿಯಿಂದ ಹೊರತಂದಳು.

ಒಂದು ಭಾನುವಾರ ರೇಡಿಯೋದಲ್ಲಿ ಅದರಲ್ಲೊಂದು ಹಾಡು ಬಂತು. ಇಂಗೆ ನಮ್ಮ ಅಡುಗೆಮನೆಯಲ್ಲೇ ನಿಂತಿದ್ದಳು. ಶಾರದೆ ಒಗ್ಗರಣೆಯ ಸದ್ದಿಗೆ ಹೆದರಿ ಒಲೆ ಆರಿಸಿದಳು. ಹಾಡು ಮುಗಿಯಿತು. ಉದ್ಘೋಷಕ ಗಂಭೀರವಾಗಿ, "ಹಾಡಿದವರು ಇಂಗೆ. ನಿರ್ಮಾಣ..." ಎಂದು ತಡೆದ. ಕಾಗದ ಮಗುಚುವ ಸದ್ದು ಕೇಳಿಸಿತು. ಆಚೆ ಬದಿಯಲ್ಲಿ ಯಾವುದಾದರೂ ಗಂಡಸು ಸಿಕ್ಕಾನೆಂದು ಪಾಪ ಹುಡುಕುತ್ತಿದ್ದನೇನೋ.

ಕೊನೆಗೆ, ಗಂಟಲು ಸರಿಮಾಡಿಕೊಂಡು, ಜರ್ಮನಿಯ ಅಷ್ಟೂ ಅಡುಗೆಮನೆಗಳಿಗೆ ಕೇಳುವಂತೆ ಹೇಳಿದ: "ನಿರ್ಮಾಣವೂ ಇಂಗೆ."